ಅಚ್ಚಿನಲ್ಲಿ ವರ್ಣಚಿತ್ರ ಮೂಡಿಸಿದ ಹರ್ಕ್ಯುಲಿಸ್ ಸೇಗರ್ಸ್

ಹದಿನೇಳನೇ ಶತಮಾನದ ಡಚ್ ಚಿತ್ರಕಲೆಯ ಹೆಸರೆತ್ತಿದರೆ ಮೊದಲು ನೆನಪಾಗುವುದು ರೆಂಬ್ರಾಂಟ್. ಆ ರೆಂಬ್ರಾಂಟನ ಮನೆಯ ಗೋಡೆಗಳ ಮೇಲೆ ಬೇರೆ ಕಲಾವಿದರ ಚಿತ್ರಗಳೂ ತೂಗುತ್ತಿದ್ದವು. 1656ರಲ್ಲಿ ಆತ ದಿವಾಳಿಯಾದಾಗ ಅಧಿಕಾರಿಗಳು ಮನೆಯ ಸಾಮಾನುಗಳ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಹರ್ಕ್ಯುಲಿಸ್ ಸೇಗರ್ಸ್ ಎಂಬ ಒಬ್ಬನೇ ಭೂದೃಶ್ಯ ಚಿತ್ರಕಾರನ ಎಂಟು ವರ್ಣಚಿತ್ರಗಳಿವೆ. ಅಷ್ಟು ಹೊತ್ತಿಗೆ ಸೇಗರ್ಸ್ ಸತ್ತು ವರ್ಷಗಳೇ ಕಳೆದಿದ್ದವು. ಸಾಮಾನ್ಯ ಕೊಳ್ಳುಗರು ಅವನನ್ನು ಹೆಚ್ಚುಕಡಿಮೆ ಮರೆತಿದ್ದರು. ಇಂದಿಗೂ ಕಲಾ ಇತಿಹಾಸಕಾರರ ವಲಯದಾಚೆ ಅವನ ಹೆಸರು ಕೇಳಿಬರುವುದು ಅಪರೂಪ. ಆದರೆ ತಾಮ್ರದ ತಗಡು, ಆಮ್ಲ, ಶಾಯಿ, ಬಟ್ಟೆ ಇಷ್ಟನ್ನೇ ಇಟ್ಟುಕೊಂಡು ಅವನು ಮಾಡಿದ ಕೆಲಸಕ್ಕೆ ಹಿಂದಿನ ಮಾದರಿ ಇರಲಿಲ್ಲ, ಮುಂದಿನ ಒಂದೂವರೆ ಶತಮಾನ ಸಾಟಿಯೂ ಬರಲಿಲ್ಲ.

ಸೇಗರ್ಸ್ ಹುಟ್ಟಿದ್ದು 1589 ಅಥವಾ 1590ರಲ್ಲಿ, ಹಾರ್ಲೆಮ್ ನಗರದಲ್ಲಿ. ತಂದೆ ಪೀಟರ್ ಸೇಗರ್ಸ್ ಬಟ್ಟೆ ವ್ಯಾಪಾರಿ, ಮೂಲತಃ ಫ್ಲ್ಯಾಂಡರ್ಸ್ ಕಡೆಯವನು, ಮೆನ್ನೊನೈಟ್ ಪಂಥಕ್ಕೆ ಸೇರಿದವನು. ಸ್ಪೇನಿನ ಆಳ್ವಿಕೆ ಮತ್ತು ಧಾರ್ಮಿಕ ಕಿರುಕುಳದಿಂದ ತಪ್ಪಿಸಿಕೊಳ್ಳಲು ಆ ಕಾಲದಲ್ಲಿ ದಕ್ಷಿಣದ ಪ್ರಾಂತ್ಯಗಳಿಂದ ಸಾವಿರಾರು ಕುಟುಂಬಗಳು ಉತ್ತರಕ್ಕೆ ಬಂದು ನೆಲೆಸುತ್ತಿದ್ದವು. ನೇಕಾರಿಕೆ, ಬಂಡವಾಳ, ಚಿತ್ರಕಲೆ ಮೂರೂ ಅವರ ಜೊತೆಗೇ ಬಂದವು. ಡಚ್ ಗಣರಾಜ್ಯದ ಕಲೆ ಅಷ್ಟು ಬೇಗ ಅರಳಿದ್ದರಲ್ಲಿ ಈ ವಲಸಿಗರ ಪಾಲು ದೊಡ್ಡದು.

1596ರಲ್ಲಿ ಕುಟುಂಬ ಆಮ್‌ಸ್ಟರ್‌ಡ್ಯಾಮಿಗೆ ಬಂತು. ಹುಡುಗ ಅಲ್ಲಿ ಗಿಲ್ಲಿಸ್ ವಾನ್ ಕೋನಿಂಕ್ಸ್‌ಲೋ ಎಂಬ ಹೆಸರಾಂತ ಚಿತ್ರಕಾರನ ಶಿಷ್ಯನಾದ. ಗುರುವೂ ಫ್ಲ್ಯಾಂಡರ್ಸ್‌ನಿಂದ ವಲಸೆ ಬಂದವನೇ. ದಟ್ಟ ಕಾಡು, ಮುರಿದು ಬಿದ್ದ ಮರ, ಹಬ್ಬಿದ ಬೇರು, ನಡುವೆ ಇದ್ದೂ ಇಲ್ಲದಂತಿರುವ ಪುಟ್ಟ ಮನುಷ್ಯರು, ಇವು ಕೋನಿಂಕ್ಸ್‌ಲೋ ಚಿತ್ರಗಳ ವಸ್ತು. ಅವನು ತೀರಿಕೊಂಡ ಮೇಲೆ 1607ರಲ್ಲಿ ಅವನ ಸ್ವತ್ತಿನ ಹರಾಜು ನಡೆಯಿತು. ಅಲ್ಲಿ ಸೇಗರ್ಸ್ ಕುಟುಂಬದವರು ಚಿತ್ರಗಳನ್ನು ಕೊಂಡಿದ್ದು ದಾಖಲೆಯಲ್ಲಿದೆ. ಪ್ರಕೃತಿಯನ್ನು ಮನುಷ್ಯನ ಹಿನ್ನೆಲೆಯನ್ನಾಗಿ ನೋಡದೆ, ತನ್ನದೇ ಜೀವವಿರುವ ವಸ್ತುವನ್ನಾಗಿ ನೋಡುವ ಅಭ್ಯಾಸ ಶಿಷ್ಯನಿಗೆ ಬಂದದ್ದು ಈ ಗುರುವಿನಿಂದಲೇ ಇರಬೇಕು.

1612ರಲ್ಲಿ ತಂದೆ ತೀರಿಕೊಂಡ. ಅದೇ ವರ್ಷ ಸೇಗರ್ಸ್ ಹಾರ್ಲೆಮಿಗೆ ಮರಳಿ ಅಲ್ಲಿನ ಸಂತ ಲ್ಯೂಕ್ ಸಂಘದ ಸದಸ್ಯನಾದ. ಊರಿನಲ್ಲಿ ಚಿತ್ರ ಬರೆದು ಮಾರಬೇಕೆಂದರೆ ಆ ಸಂಘದ ಸದಸ್ಯತ್ವ ಬೇಕಿತ್ತು. ಆ ವರ್ಷ ಸಂಘ ಸೇರಿದವರಲ್ಲಿ ಎಸೈಯಸ್ ವಾನ್ ಡೆ ವೆಲ್ಡೆ, ವಿಲ್ಲೆಮ್ ಬೈಟೆವೆಖ್ ಕೂಡ ಇದ್ದರು. ಡಚ್ ಭೂದೃಶ್ಯ ಕಲೆಯ ದಿಕ್ಕು ಬದಲಾದದ್ದು ಇವರ ಕಾಲದಲ್ಲಿ, ಇದೇ ಊರಿನಲ್ಲಿ. ಪುರಾಣದ ಬೆಟ್ಟಗಳನ್ನು ಕೈಬಿಟ್ಟು ಮರಳುದಿಬ್ಬ, ಕಾಲುವೆ, ಹಳ್ಳಿಯ ದಾರಿ, ಕುರುಚಲು ಪೊದೆಗಳಂಥ ಮನೆಯಾಚೆಯ ನೋಟಗಳನ್ನೇ ಬರೆಯಲು ಚಿತ್ರಕಾರರು ಶುರು ಮಾಡಿದರು. ಸೇಗರ್ಸ್ ಈ ಗೆಳೆಯರ ನಡುವೆ ಇದ್ದ, ಅವರ ಕೆಲಸವನ್ನು ಹತ್ತಿರದಿಂದ ಕಂಡಿದ್ದ. ಆದರೂ ಅವನು ಹಿಡಿದದ್ದು ತದ್ವಿರುದ್ಧ ದಾರಿ.

ಅವನ ಚಿತ್ರಗಳಲ್ಲಿ ಕಾಣುವುದು ಬಂಡೆಗಳು: ಬಿರುಕುಬಿಟ್ಟ, ಪುಡಿಪುಡಿಯಾಗುತ್ತಿರುವ, ಹುಣ್ಣೆದ್ದಂಥ ಬಂಡೆಗಳು. ಅವುಗಳ ನಡುವೆ ಬರಡು ಕಣಿವೆ. ಎಲ್ಲೋ ಒಂದು ಸತ್ತ ಮರ, ಎಲ್ಲೋ ಒಬ್ಬ ಒಂಟಿ ದಾರಿಹೋಕ. ಕೆಲವು ಚಿತ್ರಗಳಲ್ಲಿ ಅವನೂ ಇಲ್ಲ. ಹಾಲೆಂಡಿನಲ್ಲಿ ಇಂಥ ಬೆಟ್ಟವೇ ಇಲ್ಲ, ನೆಲ ಅಂಗೈಯಂತೆ ಸಮತಟ್ಟು. ಸೇಗರ್ಸ್ ಆಲ್ಪ್ಸ್ ಪರ್ವತಕ್ಕೆ ಹೋಗಿಬಂದನೆಂಬುದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲ. ಹಿರಿಯ ಬ್ರೂಗೆಲ್ ಇಟಲಿ ಪ್ರವಾಸದ ನಂತರ ಮಾಡಿದ ಪರ್ವತಚಿತ್ರಗಳು ಅಚ್ಚಾಗಿ ಊರೂರಿಗೆ ಹರಡಿದ್ದವು, ಫ್ಲ್ಯಾಂಡರ್ಸಿನ ಚಿತ್ರಕಾರರ ಕಲ್ಪನೆಯ ಬೆಟ್ಟಗಳೂ ಕಣ್ಣಮುಂದಿದ್ದವು. ಆದರೆ ಬ್ರೂಗೆಲ್‌ನ ಬೆಟ್ಟ ನೋಡುಗನಿಗೆ ದಾರಿ ತೋರಿಸುತ್ತದೆ, ಊರು ತೋರಿಸುತ್ತದೆ. ಸೇಗರ್ಸ್‌ನ ಬೆಟ್ಟಗಳಲ್ಲಿ ಎಷ್ಟೋ ಕಡೆ ನಿಲ್ಲಲೂ ಜಾಗವಿಲ್ಲ.

1614ರ ಹೊತ್ತಿಗೆ ಅವನು ಮತ್ತೆ ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ. ಮದುವೆಗೆ ಮುಂಚೆ ಹುಟ್ಟಿದ್ದ ತನ್ನ ಮಗಳು ನೆಲ್ಲೆಖೆನ್‌ಳನ್ನು ತನ್ನ ಬಳಿಯೇ ಇಟ್ಟುಕೊಳ್ಳಲು ಬಂದಿದ್ದ. 1615ರ ಜನವರಿಯಲ್ಲಿ ಆಂಟ್‌ವರ್ಪ್ ಮೂಲದ ಆನ್ನೆಕೆನ್ ವಾನ್ ಡೆರ್ ಬ್ರುಖೆನ್ ಎಂಬಾಕೆಯನ್ನು ಮದುವೆಯಾದ. ಆಕೆ ಅವನಿಗಿಂತ ಹದಿನಾರು ವರ್ಷ ದೊಡ್ಡವಳು. 1619ರಲ್ಲಿ ದಂಪತಿ ಯೋರ್ಡಾನ್ ಬಡಾವಣೆಯ ಲಿಂಡೆನ್‌ಗ್ರಾಖ್ಟ್ ಕಾಲುವೆಯ ದಂಡೆಯಲ್ಲಿ ಸುಮಾರು 4000 ಗಿಲ್ಡರಿಗೆ ದೊಡ್ಡದೊಂದು ಮನೆ ಕೊಂಡರು. ಕುಶಲಕರ್ಮಿಯೊಬ್ಬನ ಹತ್ತು ವರ್ಷಗಳ ಗಳಿಕೆಗೂ ಮಿಕ್ಕ ಮೊತ್ತವದು. ಮುಂದೆ ಅವನ ಬಗ್ಗೆ ಹಬ್ಬಿದ ಕಡುಬಡತನದ ಕಥೆಗಳನ್ನು ಕೇಳುವಾಗ ಈ ಖರೀದಿಯನ್ನು ನೆನಪಿಡಬೇಕು.

ಆ ಮನೆಯ ಮೇಲಂತಸ್ತಿನ ಕಿಟಕಿಯಿಂದ ಕಂಡ ನೋಟವನ್ನು ಸೇಗರ್ಸ್ ತಗಡಿನ ಮೇಲೆ ಕೊರೆದಿದ್ದಾನೆ. ಹತ್ತಿರದಲ್ಲಿ ಇಳಿಜಾರು ಚಾವಣಿಯ ಮನೆಗಳು. ಅವುಗಳ ಹಿಂದೆ 1620ರಿಂದ 1623ರ ನಡುವೆ ಕಟ್ಟಿದ ನೂರ್ಡರ್‌ಕೆರ್ಕ್ ಚರ್ಚು. ನೆರೆಹೊರೆಯನ್ನು ನಿಷ್ಠೆಯಿಂದ ದಾಖಲಿಸಿದ ಚಿತ್ರ ಇದು. ಈಗ ರಾಟರ್‌ಡ್ಯಾಮಿನ ಬಾಯ್ಮನ್ಸ್ ವಾನ್ ಬೂನಿಂಗೆನ್ ಸಂಗ್ರಹದಲ್ಲಿರುವ ಒಂದು ವರ್ಣಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಚ್ಚರಿ ಕಾದಿದೆ. ಕಡಿದಾದ ಬೆಟ್ಟಗಳ ಬುಡದಲ್ಲಿ, ನಿರ್ಜನ ಕಣಿವೆಯಲ್ಲಿ, ಅವೇ ಆಮ್‌ಸ್ಟರ್‌ಡ್ಯಾಮ್ ಮನೆಗಳು ನಿಂತಿವೆ! ಅದೇ ಚಾವಣಿ, ಅದೇ ಗೋಡೆ. ಚರ್ಚು ಮಾತ್ರ ಮಾಯ. ತನ್ನ ಬೀದಿಯ ಮನೆಗಳನ್ನು ಕಿತ್ತು ಪ್ರಾಯಶಃ ತಾನು ಎಂದೂ ಕಾಣದ ಬೆಟ್ಟದಲ್ಲಿ ನೆಟ್ಟ ಈ ಚಿತ್ರ ಸೇಗರ್ಸ್‌ನ ಕಲ್ಪನೆ ಕೆಲಸ ಮಾಡುತ್ತಿದ್ದ ಬಗೆಯನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕಂಡದ್ದನ್ನು ಅವನು ಬಿಟ್ಟುಕೊಡಲಿಲ್ಲ, ಅದನ್ನು ಇರುವಲ್ಲೇ ಇರಲೂ ಬಿಡಲಿಲ್ಲ.

ಅವನ ನಿಜವಾದ ಸಾಹಸ ನಡೆದದ್ದು ಅಚ್ಚಿನಲ್ಲಿ. ಅದರ ಬೆಲೆ ತಿಳಿಯಲು ಎಚ್ಚಿಂಗ್ ಎಂಬ ವಿಧಾನದ ಪರಿಚಯ ಬೇಕು. ನುಣುಪಾದ ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಚಿತ್ರ ಗೀರುತ್ತಾರೆ. ಗೀರಿದ ಕಡೆ ಮೇಣ ಹೋಗಿ ತಾಮ್ರ ಕಾಣುತ್ತದೆ. ತಗಡನ್ನು ಆಮ್ಲದಲ್ಲಿ ಅದ್ದಿದರೆ ಆಮ್ಲ ಆ ಗೆರೆಗಳನ್ನಷ್ಟೇ ತಿಂದು ಹಳ್ಳ ಮಾಡುತ್ತದೆ. ಆಮೇಲೆ ಮೇಣ ತೆಗೆದು, ಹಳ್ಳಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ ಯಂತ್ರದ ಉರುಳೆಗಳ ನಡುವೆ ಒತ್ತಿದರೆ ಚಿತ್ರ ಕಾಗದಕ್ಕೆ ಇಳಿಯುತ್ತದೆ. ಒಂದು ತಗಡಿನಿಂದ ಇಂಥ ನೂರಾರು ಪ್ರತಿ ತೆಗೆಯಬಹುದು. ಬಿಳಿ ಕಾಗದದ ಮೇಲೆ ಕಪ್ಪು ಶಾಯಿ, ಎಲ್ಲ ಪ್ರತಿಗಳೂ ಒಂದೇ ಥರ, ಬೆಲೆ ಕಡಿಮೆ: ಅಚ್ಚಿನ ಚಿತ್ರ ಜನರ ಮನೆ ಸೇರಿದ್ದು ಹೀಗೆ, ಅಚ್ಚು ಮಾಡುವವನು ಬದುಕಿದ್ದೂ ಹೀಗೆ.

ಸೇಗರ್ಸ್ ಈ ನಿಯಮಗಳನ್ನೆಲ್ಲ ತಲೆಕೆಳಗು ಮಾಡಿದ. ಕಪ್ಪು ಶಾಯಿಯ ಬದಲು ನೀಲಿ, ಹಸಿರು, ಕಂದು, ಹಳದಿ ಬಣ್ಣಗಳಲ್ಲಿ ಅಚ್ಚೊತ್ತಿದ. ಬಿಳಿ ಕಾಗದ ಬಿಟ್ಟು, ಮೊದಲೇ ಬಣ್ಣ ಬಳಿದ ಕಾಗದ ಬಳಸಿದ; ಎಷ್ಟೋ ಸಲ ಕಾಗದವನ್ನೇ ಬಿಟ್ಟು ಲಿನನ್ ಬಟ್ಟೆ ಹಾಸಿದ. ನೇಯ್ಗೆಯ ಎಳೆಗಳು ಬಂಡೆಯ ಒರಟು ಮೈಗೆ ಇನ್ನಷ್ಟು ಒರಟುತನ ಕೊಟ್ಟವು. ಅಚ್ಚಾದ ಮೇಲೆ ಕುಂಚ ಹಿಡಿದು ಆಕಾಶಕ್ಕೊಂದು ಬಣ್ಣ, ಕಣಿವೆಗೊಂದು ಬಣ್ಣ ತೊಡೆದ. ಕೆಲವಕ್ಕೆ ವಾರ್ನಿಶ್ ಹಚ್ಚಿದ. ಒಂದು ಪ್ರತಿಯನ್ನು ಅಂಚಿನವರೆಗೂ ಉಳಿಸಿದರೆ ಇನ್ನೊಂದನ್ನು ನಾಲ್ಕೂ ಕಡೆ ಕತ್ತರಿಸಿ ಬೇರೆಯದೇ ಚೌಕಟ್ಟಿಗೆ ತಂದ. ಶಾಯಿ ಒಣಗುವ ಮುನ್ನ ಅಚ್ಚಿನ ಮೇಲೆ ಮತ್ತೊಂದು ಹಾಳೆ ಒತ್ತಿ ಎಡ ಬಲ ಅದಲುಬದಲಾದ ಪ್ರತಿಯನ್ನೂ ತೆಗೆದ. ಹೀಗಾಗಿ ಒಂದೇ ತಗಡಿನಿಂದ ಹುಟ್ಟಿದ ಎರಡು ಚಿತ್ರಗಳಲ್ಲಿ ಒಂದು ಬೆಳಗಿನ ಹೊತ್ತಿನದೆಂದೂ ಇನ್ನೊಂದು ಕತ್ತಲಾಗುವ ಹೊತ್ತಿನದೆಂದೂ ತೋರುತ್ತದೆ. ಸಾವಿರ ಪ್ರತಿ ತೆಗೆಯಲೆಂದು ಇರುವ ಯಂತ್ರವನ್ನು ಅವನು ಒಂದೊಂದನ್ನೂ ಬೇರೆ ಮಾಡಲು ದುಡಿಸಿಕೊಂಡ.

ಈ ಮಾತಿಗೆ ‘ಸುತ್ತುವರಿದ ಕಣಿವೆ’ ಎಂಬ ಸಣ್ಣ ಚಿತ್ರಕ್ಕಿಂತ ಉತ್ತಮ ಸಾಕ್ಷಿ ಇಲ್ಲ. ಸೇಗರ್ಸ್‌ನ ತಗಡುಗಳಲ್ಲಿ ಅತಿ ಹೆಚ್ಚು ಪ್ರತಿಗಳು ಉಳಿದಿರುವುದು ಇದರದ್ದೇ, ಇಪ್ಪತ್ತಕ್ಕೂ ಹೆಚ್ಚು. ಅವನ್ನು ಸಾಲಾಗಿ ಜೋಡಿಸಿದರೆ ಒಂದರಲ್ಲಿ ಕಣಿವೆ ನೀಲಿ ಮಂಜಿನಲ್ಲಿ ಮುಳುಗಿದೆ, ಇನ್ನೊಂದರಲ್ಲಿ ಒಣಗಿದ ಎಲೆಯ ಬಣ್ಣ ತಾಳಿದೆ, ಮತ್ತೊಂದರಲ್ಲಿ ಬಟ್ಟೆಯ ಎಳೆಗಳ ಹಿಂದೆ ಮಸುಕಾಗಿದೆ. ಬಂಡೆ ಅದೇ, ಕಣಿವೆ ಅದೇ. ಹವೆ ಬದಲಾದಂತೆ ಒಂದೇ ನೋಟವನ್ನು ಮತ್ತೆ ಮತ್ತೆ ಬರೆಯುವ ಕೆಲಸವನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕ್ಲೋದ್ ಮೊನೆ ಹುಲ್ಲಿನ ಬಣವೆಗಳ ಸರಣಿಯಲ್ಲಿ ಮಾಡಿ ಜಗತ್ಪ್ರಸಿದ್ಧನಾದ. ಸೇಗರ್ಸ್ 1620ರ ದಶಕದಲ್ಲಿ ತಾಮ್ರದ ತಗಡಿನಿಂದ ಅಂಥದ್ದೇ ಒಂದು ಸಾಧ್ಯತೆಯನ್ನು ತೆರೆದಿದ್ದ.

ರೈನ್ಸ್‌ಬರ್ಗ್ ಮಠದ ಅವಶೇಷಗಳನ್ನು ತೋರಿಸುವ ದೊಡ್ಡ ಚಿತ್ರದಲ್ಲಿ ಇನ್ನೊಂದು ಬಗೆಯ ಧೈರ್ಯ ಕಾಣುತ್ತದೆ. ಹದಿನಾರನೇ ಶತಮಾನದ ಯುದ್ಧಗಳಲ್ಲಿ ಪಾಳುಬಿದ್ದ ಮಠ ಅದು. ಸೇಗರ್ಸ್ ಗಾಢ ಬಣ್ಣ ಬಳಿದ ಕಾಗದದ ಮೇಲೆ ಹಳದಿ ಮಿಶ್ರಿತ ಬಿಳಿ ಶಾಯಿಯಲ್ಲಿ ಅದನ್ನು ಅಚ್ಚೊತ್ತಿದ್ದಾನೆ. ಇಟ್ಟಿಗೆಯ ಒಂದೊಂದು ಸಾಲೂ ಕತ್ತಲಿನಿಂದ ಬೆಳಕಾಗಿ ಎದ್ದು ಬರುತ್ತದೆ. ಛಾಯಾಚಿತ್ರದ ನೆಗೆಟಿವ್ ಕಂಡಿರುವ ಇಂದಿನವರಿಗೆ ಇದು ವಿಚಿತ್ರವೆನಿಸದು. ಬಿಳಿಯ ಮೇಲೆ ಕಪ್ಪು ಗೆರೆಯನ್ನು ಮಾತ್ರ ಬಲ್ಲ ಕಾಲದಲ್ಲಿ ಹಾಗೆ ಯೋಚಿಸುವುದೇ ದೊಡ್ಡ ಮಾತು.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ‘ಪಾಚಿ ಹಿಡಿದ ಮರ’ ಎಂಬ ಚಿತ್ರವಿದೆ. ಅಂಗೈಗಿಂತ ತುಸು ದೊಡ್ಡದು. ಉಳಿದಿರುವುದು ಒಂದೇ ಒಂದು ಪ್ರತಿ. ಓರೆಯಾಗಿ ನಿಂತ ಕಾಂಡ, ಕೊಂಬೆಗಳಿಂದ ಜೋತುಬಿದ್ದ ಪಾಚಿಯ ಎಳೆಗಳು, ಅಷ್ಟೇ. ನೆಲ ಇಲ್ಲ, ದೂರದ ಊರಿಲ್ಲ, ಮನುಷ್ಯರಿಲ್ಲ. ತಿಳಿಬಣ್ಣದ ಕಾಗದದ ಮೇಲೆ ಹಸಿರು ಶಾಯಿ. ಇಲ್ಲಿನ ಗೆರೆ ಸೂಜಿಯ ಗೆರೆಯಲ್ಲ. ಕಾಳುಕಾಳಾಗಿ, ಮೆತ್ತಗೆ, ಕುಂಚದಿಂದ ಬಂದಂತಿದೆ. ಅದು ಸಾಧ್ಯವಾದದ್ದು ಸೇಗರ್ಸ್ ಕಂಡುಕೊಂಡ ಹೊಸ ವಿಧಾನದಿಂದ. ನೀರಿನಲ್ಲಿ ಕರಗುವ, ಸಕ್ಕರೆ ಬೆರೆಸಿದಂಥ ದ್ರವದಿಂದ ತಗಡಿನ ಮೇಲೆ ನೇರವಾಗಿ ಬರೆದು, ಅದರ ಮೇಲೆ ಲೇಪ ಬಳಿದು, ನೀರಿನಲ್ಲಿ ಅದ್ದಿದರೆ ಬರೆದ ಭಾಗ ಕರಗಿ ತನ್ನ ಮೇಲಿನ ಲೇಪವನ್ನೂ ಎತ್ತಿಕೊಂಡು ಹೋಗುತ್ತದೆ. ಬಯಲಾದ ತಾಮ್ರವನ್ನು ಆಮ್ಲ ತಿನ್ನುತ್ತದೆ. ಇಂಗ್ಲೆಂಡ್, ಫ್ರಾನ್ಸ್‌ಗಳ ಕಲಾವಿದರು ಈ ದಾರಿಯನ್ನು ಮತ್ತೆ ಹುಡುಕಿಕೊಂಡದ್ದು ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ. ಸೇಗರ್ಸ್‌ನಿಂದ ಕಲಿತು ಇದನ್ನು ಮುಂದುವರಿಸುವ ಶಿಷ್ಯ ಪರಂಪರೆ ಇರಲಿಲ್ಲವಾದ್ದರಿಂದ ವಿದ್ಯೆ ಅವನೊಂದಿಗೇ ಹೋಯಿತು.

ಬೆಟ್ಟಗಳಷ್ಟೇ ಅವನ ವಸ್ತುವಾಗಿರಲಿಲ್ಲ. ಒಂದು ತಲೆಬುರುಡೆ, ಮುಂಗಾಲೆತ್ತಿದ ಕುದುರೆ, ಅಲೆಗಳ ನಡುವೆ ಹಡಗು, ಮೇಜಿನ ಮೇಲೆ ಬಿದ್ದಿರುವ ಹಳೇ ಪುಸ್ತಕಗಳು, ಇವೂ ಅವನ ತಗಡಿಗೆ ಬಂದಿವೆ. ವರ್ಣಚಿತ್ರಗಳಲ್ಲಿ ಅವನು ಹಾಲೆಂಡಿನ ನೆಲವನ್ನೂ ಬರೆದ. ರೇನೆನ್, ವಾಖೆನಿಂಗೆನ್‌ನಂಥ ಊರುಗಳ ನೋಟಗಳಲ್ಲಿ ನೆಲ ಅಡ್ಡಡ್ಡಲಾಗಿ ಹರಡಿಕೊಂಡಿದೆ. ದೂರದಲ್ಲಿ ರೇನೆನ್‌ನ ಕುನೇರಾ ಚರ್ಚಿನ ಗೋಪುರ ಒಂದು ಕಡ್ಡಿಯಷ್ಟೇ ಕಾಣುತ್ತದೆ, ಮೇಲೆ ವಿಶಾಲ ಆಕಾಶ. ಮುಂದೆ ಫಿಲಿಪ್ಸ್ ಕೋನಿಂಕ್ ಎಂಬ ಚಿತ್ರಕಾರ ಇಂಥ ವಿಸ್ತಾರ ನೋಟಗಳಿಗೆ ಪ್ರಸಿದ್ಧನಾದ. ಅವನಿಗೆ ದಾರಿ ಹಾಕಿಕೊಟ್ಟವರಲ್ಲಿ ಸೇಗರ್ಸ್ ಮೊದಲಿಗ.

ಇಷ್ಟು ಕೆಲಸಕ್ಕೆ ಗಿರಾಕಿಗಳು ಇರಲೇ ಇಲ್ಲವೆನ್ನಲಾಗದು. ಡೆನ್ಮಾರ್ಕಿನ ದೊರೆಗಾಗಿ ಅವನ ಚಿತ್ರ ಖರೀದಿಯಾಗಿತ್ತು, ಹೇಗ್ ನಗರದಲ್ಲಿ ರಾಜಕುಮಾರ ಫ್ರೆಡ್ರಿಕ್ ಹೆನ್ರಿಯ ಸಂಗ್ರಹದಲ್ಲೂ ಅವನ ಭೂದೃಶ್ಯಗಳಿದ್ದವು. ಆದರೆ ಸಾಲ ಬೆಳೆಯಿತು. 1620ರ ದಶಕ ಮುಗಿಯುವ ಹೊತ್ತಿಗೆ ಲಿಂಡೆನ್‌ಗ್ರಾಖ್ಟ್‌ನ ಮನೆಯನ್ನು ಉಳಿಸಿಕೊಳ್ಳುವುದು ಕಷ್ಟವಾಗಿ, 1631ರಲ್ಲಿ ಅದನ್ನು ಮಾರಿದ. ಉಟ್ರೆಕ್ಟ್‌ಗೆ ಹೋದ, ಅಲ್ಲಿಂದ ಹೇಗ್‌ಗೆ. ಈ ಕೊನೆಯ ವರ್ಷಗಳ ದಾಖಲೆಗಳು ಅವನನ್ನು ಚಿತ್ರ ವ್ಯಾಪಾರಿಯಾಗಿ ತೋರಿಸುತ್ತವೆ. 1633ರ ನಂತರ ಅವನು ಬದುಕಿದ್ದನೆಂದು ಹೇಳುವ ದಾಖಲೆಯಿಲ್ಲ. 1638ರ ಒಂದು ಕಾಗದದಲ್ಲಿ ಕೊರ್ನೆಲಿಯಾ ಡೆ ವಿಟ್ಟೆ ಎಂಬಾಕೆಯನ್ನು ಹರ್ಕ್ಯುಲಿಸ್ ಪೀಟರ್ಸ್‌ಜ಼ೋನನ ವಿಧವೆ ಎಂದು ಬರೆದಿದೆ. ಪೀಟರನ ಮಗ ಹರ್ಕ್ಯುಲಿಸ್ ಅಂದರೆ ನಮ್ಮ ಚಿತ್ರಕಾರನೇ ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಸೇಗರ್ಸ್‌ನ ಮೊದಲ ಜೀವನಕಥೆ ಬಂದದ್ದು 1678ರಲ್ಲಿ. ಬರೆದವನು ಸ್ಯಾಮ್ಯುಯೆಲ್ ವಾನ್ ಹೋಗ್‌ಸ್ಟ್ರಾಟೆನ್, ರೆಂಬ್ರಾಂಟನ ಶಿಷ್ಯ. ಚಿತ್ರಕಲೆಯ ಕುರಿತ ತನ್ನ ದೊಡ್ಡ ಗ್ರಂಥದಲ್ಲಿ, ವಿಧಿ ಕಲಾವಿದರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ಹೇಳುವಾಗ ಅವನು ಸೇಗರ್ಸ್‌ನನ್ನು ಉದಾಹರಣೆಯಾಗಿ ತೆಗೆದುಕೊಂಡ. ಬದುಕಿದ್ದಾಗ ಅವನ ಅಚ್ಚುಗಳನ್ನು ಕೇಳುವವರಿರಲಿಲ್ಲ, ಅಂಗಡಿಯವರು ಅವುಗಳಲ್ಲಿ ಬೆಣ್ಣೆ, ಸಾಬೂನು ಕಟ್ಟಿಕೊಡುತ್ತಿದ್ದರು. ಮನೆಯ ಅಂಗಿ, ಹಾಸಿಗೆಬಟ್ಟೆಗಳೆಲ್ಲ ಅಚ್ಚಿಗೆ ಹೋಗಿ ಹೆಂಡತಿ ಗೋಳಾಡಿದಳು. ಒಂದು ಒಳ್ಳೆಯ ತಗಡಿಗೆ ವ್ಯಾಪಾರಿ ತಾಮ್ರದ ಬೆಲೆಯಷ್ಟನ್ನೂ ಕೊಡಲು ಹಿಂಜರಿದಾಗ, ಕೆಲವೇ ಪ್ರತಿ ತೆಗೆದು ಸೇಗರ್ಸ್ ತಗಡನ್ನೇ ಕತ್ತರಿಸಿ ಹಾಕಿದ, ಮುಂದೆ ಅದೇ ಚಿತ್ರದ ಪ್ರತಿಗಳು ಹದಿನಾರು ಡ್ಯುಕಾಟಿಗೆ ಮಾರಾಟವಾದವು. ದುಃಖ ಮರೆಯಲು ಕುಡಿತಕ್ಕೆ ಬಿದ್ದ, ಒಂದು ರಾತ್ರಿ ಮೆಟ್ಟಿಲಿನಿಂದ ಜಾರಿ ಸತ್ತ: ಹೋಗ್‌ಸ್ಟ್ರಾಟೆನ್ ಹೇಳುವುದು ಇದನ್ನು.

ಮೂರು ಶತಮಾನ ಈ ಕಥೆ ಹಾಗೇ ನಡೆದುಬಂತು. ದೊಡ್ಡ ಮನೆ, ರಾಜಮನೆತನದ ಖರೀದಿ, ವ್ಯಾಪಾರದ ದಾಖಲೆಗಳು ಅದರ ಒಂದು ಭಾಗವನ್ನು ಸುಳ್ಳಾಗಿಸುತ್ತವೆ. ಆದರೆ ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಅವನ ಕೆಲವು ಸಣ್ಣ ಭೂದೃಶ್ಯಗಳ ಆಕಾಶವನ್ನು ಕಣ್ಣಿಟ್ಟು ನೋಡಿದರೆ ಹಡಗಿನ ಹಗ್ಗ, ಪಟಕಂಬಗಳ ಗೆರೆಗಳು ಮಸುಕಾಗಿ ಕಾಣುತ್ತವೆ. ದೊಡ್ಡ ಹಡಗಿನ ಚಿತ್ರವಿದ್ದ ತಗಡನ್ನು ತುಂಡು ಮಾಡಿ, ಆ ತುಂಡುಗಳ ಮೇಲೆ ಸೇಗರ್ಸ್ ಹೊಸ ಚಿತ್ರ ಕೊರೆದಿದ್ದ. ತಗಡು ಕತ್ತರಿಸಿದ್ದು ನಿಜ. ಅದು ಹತಾಶೆಯಿಂದಲೋ ತಾಮ್ರ ಉಳಿಸಲೋ ಎಂಬುದನ್ನು ಗೆರೆ ಹೇಳುವುದಿಲ್ಲ. ಬಟ್ಟೆಯ ಮೇಲೆ ಅಚ್ಚೊತ್ತಿದ್ದೂ ನಿಜವೇ. ಅವನು ವರ್ಣಚಿತ್ರಗಳನ್ನೇ ಅಚ್ಚೊತ್ತುತ್ತಿದ್ದ ಎಂಬ ಹೋಗ್‌ಸ್ಟ್ರಾಟೆನ್‌ನ ಮಾತಂತೂ ಇಂದಿಗೂ ಸೇಗರ್ಸ್‌ನ ಕಲೆಯ ಅತ್ಯಂತ ಸರಿಯಾದ ವಿವರಣೆ.

ರೆಂಬ್ರಾಂಟ್ ಕೊಂಡದ್ದು ಚಿತ್ರಗಳನ್ನು ಮಾತ್ರವಲ್ಲ. ಸೇಗರ್ಸ್ ಕೊರೆದಿದ್ದ ಒಂದು ತಗಡೂ ಅವನ ಕೈಸೇರಿತು. ಬೈಬಲ್ ಕಥೆಯ ತೋಬಿಯಾಸ್ ಮತ್ತು ದೇವದೂತ ದೊಡ್ಡ ಭೂದೃಶ್ಯವೊಂದರಲ್ಲಿ ನಡೆದುಹೋಗುವ ಚಿತ್ರ ಅದು. ಜರ್ಮನ್ ಚಿತ್ರಕಾರ ಎಲ್ಸ್‌ಹೈಮರನ ಚಿತ್ರವನ್ನು ಹೆಂಡ್ರಿಕ್ ಹೌಟ್ 1613ರಲ್ಲಿ ಅಚ್ಚಿಗೆ ಇಳಿಸಿದ್ದ, ಸೇಗರ್ಸ್ ಅದನ್ನು ಆಧಾರವಾಗಿಟ್ಟುಕೊಂಡಿದ್ದ. 1653ರ ಸುಮಾರಿಗೆ ರೆಂಬ್ರಾಂಟ್ ಬಲಭಾಗದ ಆ ಎರಡು ದೊಡ್ಡ ಆಕೃತಿಗಳನ್ನು ಕೆರೆದು ಅಳಿಸಿ, ಅಲ್ಲಿ ಈಜಿಪ್ಟಿಗೆ ಪಲಾಯನ ಮಾಡುವ ಮೇರಿ, ಜೋಸೆಫ್, ಮಗು ಯೇಸು ಮತ್ತು ಕತ್ತೆಯನ್ನು ಕೊರೆದ. ಖಾಲಿಯಾದ ಜಾಗವನ್ನು ಮರಗಳಿಂದ ತುಂಬಿದ. ಎಡಭಾಗದ ಭೂದೃಶ್ಯವನ್ನು ಮಾತ್ರ ಬಹುಮಟ್ಟಿಗೆ ಮುಟ್ಟದೆ ಬಿಟ್ಟ. ಮರಗಳ ಎಲೆಗಳ ನಡುವೆ ಸೇಗರ್ಸ್‌ನ ದೇವದೂತನ ರೆಕ್ಕೆಯ ಗೆರೆಗಳು ಇಂದಿಗೂ ಉಳಿದಿವೆ. ಫ್ಲಾರೆನ್ಸಿನ ಉಫೀಜ಼ಿ ಸಂಗ್ರಹಾಲಯದಲ್ಲಿರುವ ಸೇಗರ್ಸ್‌ನ ದೊಡ್ಡ ಪರ್ವತಚಿತ್ರದ ಮೇಲೂ ರೆಂಬ್ರಾಂಟ್ ಕೈಯಾಡಿಸಿದ್ದಾನೆಂದು ನಂಬಲಾಗಿದೆ. ಬಹುಕಾಲ ಆ ಚಿತ್ರ ರೆಂಬ್ರಾಂಟನದೆಂದೇ ಹೆಸರಾಗಿತ್ತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನ್ ವಿದ್ವಾಂಸ ವಿಲ್‌ಹೆಲ್ಮ್ ಫಾನ್ ಬೋಡೆ ಅದು ಸೇಗರ್ಸ್‌ನ ಕೆಲಸವೆಂದು ಗುರುತಿಸಿದ.

ಅಚ್ಚಿನ ಪ್ರತಿಗಳು ಉಳಿದುಬಂದದ್ದು ಕೆಲವೇ ಸಂಗ್ರಾಹಕರ ಆಸಕ್ತಿಯಿಂದ. ಅವರಲ್ಲಿ ಮುಖ್ಯನಾದವನು ಆಮ್‌ಸ್ಟರ್‌ಡ್ಯಾಮಿನ ಮಿಖಿಲ್ ಹಿನ್ಲೋಪೆನ್. ಉಳಿದ ಸೇಗರ್ಸ್ ಅಚ್ಚುಗಳ ದೊಡ್ಡ ಗುಂಪೊಂದು ಅವನ ಕೈಯಲ್ಲಿತ್ತು. ಅದು ಮುಂದೆ ಬ್ಯಾರನ್ ವಾನ್ ಲೇಡೆನ್‌ನ ಸಂಗ್ರಹಕ್ಕೆ ಸೇರಿತು. ನೆಪೋಲಿಯನ್ನನ ತಮ್ಮ ಲೂಯಿ ಹಾಲೆಂಡಿನ ದೊರೆಯಾಗಿದ್ದಾಗ, 1807ರಲ್ಲಿ, ಆ ಸಂಗ್ರಹ ಸರ್ಕಾರಕ್ಕೆ ಬಂತು. ಇಂದಿನ ರೈಕ್ಸ್‌ಮ್ಯೂಸಿಯಂನ ಅಚ್ಚುಚಿತ್ರ ವಿಭಾಗಕ್ಕೆ ಅದೇ ತಳಹದಿ.

ಇಪ್ಪತ್ತನೇ ಶತಮಾನದಲ್ಲಿ ಸೇಗರ್ಸ್‌ಗೆ ಹೊಸ ಓದುಗರು ಸಿಕ್ಕರು. ಜರ್ಮನಿಯಲ್ಲಿ ಯಾರೋ ಸ್ಪ್ರಿಂಗರ್ (Jaro Springer) ಎಂಬ ವಿದ್ವಾಂಸ ಅವನ ಅಚ್ಚುಗಳ ಸೂಚಿ ತಯಾರಿಸಿದ, ವಿಲ್‌ಹೆಲ್ಮ್ ಫ್ರೆಂಗರ್ 1922ರಲ್ಲಿ ಪುಸ್ತಕ ಬರೆದ. ಮೊದಲ ಮಹಾಯುದ್ಧದ ಪಾಳುನೆಲ ಕಂಡಿದ್ದ ತಲೆಮಾರಿಗೆ ಈ ಬಂಡೆಗಳ ಭಾಷೆ ಥಟ್ಟನೆ ಅರ್ಥವಾದದ್ದು ಸಹಜವೇ. 1929ರಲ್ಲಿ ಕಾರ್ಲ್ ಐನ್‌ಸ್ಟೈನ್ ಎಂಬ ವಿಮರ್ಶಕ ಪ್ಯಾರಿಸ್ಸಿನ ‘ದೊಕ್ಯುಮಾಂ’ ಪತ್ರಿಕೆಯಲ್ಲಿ ಅವನ ಬಗ್ಗೆ ಬರೆದ. 1973ರಲ್ಲಿ ಎಗ್‌ಬರ್ಟ್ ಹಾವರ್‌ಕಾಂಪ್ ಬೇಖೆಮನ್ ಎಲ್ಲ ಎಚ್ಚಿಂಗ್‌ಗಳ ಸಮಗ್ರ ಅಧ್ಯಯನ ಹೊರತಂದ. ಸಿನಿಮಾ ನಿರ್ದೇಶಕ ವರ್ನರ್ ಹರ್ಟ್ಸೋಗ್ ನ್ಯೂಯಾರ್ಕಿನ 2012ರ ವಿಟ್ನಿ ದ್ವೈವಾರ್ಷಿಕ ಪ್ರದರ್ಶನದಲ್ಲಿ ಸೇಗರ್ಸ್‌ನ ಚಿತ್ರಗಳನ್ನು ಪರದೆಯ ಮೇಲೆ ತಂದು, ಅವುಗಳಿಗೆ ಡಚ್ ಚೆಲ್ಲೋ ವಾದಕ ಅರ್ನ್ಸ್ಟ್ ರೈಸೆಖರ್‌ನ ಸಂಗೀತ ಜೋಡಿಸಿದ.

2016ರ ಅಕ್ಟೋಬರಿನಲ್ಲಿ ರೈಕ್ಸ್‌ಮ್ಯೂಸಿಯಂ ಅವನ ಕೃತಿಗಳ ಅತಿ ದೊಡ್ಡ ಪ್ರದರ್ಶನ ಏರ್ಪಡಿಸಿತು. ಮರುವರ್ಷ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಯಿತು. ಅದಕ್ಕೆ ಮುಂಚೆ ವರ್ಷಗಳ ಕಾಲ ತಜ್ಞರು ಅವನ ಕಾಗದ, ಬಟ್ಟೆ, ಬಣ್ಣಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಸೇಗರ್ಸ್ ಸಾಮಾನ್ಯ ಅಚ್ಚಿನ ಶಾಯಿಯ ಬದಲು ಚಿತ್ರಕಾರರ ತೈಲವರ್ಣವನ್ನೇ ತಗಡಿಗೆ ತುಂಬುತ್ತಿದ್ದನೆಂಬುದು ಆಗ ಖಚಿತವಾಯಿತು. ಈವರೆಗೆ ಗುರುತಿಸಿರುವ ಅವನ ತಗಡುಚಿತ್ರಗಳು 54, ಅವುಗಳಿಂದ ಉಳಿದಿರುವ ಪ್ರತಿಗಳು ಸುಮಾರು 180, ವರ್ಣಚಿತ್ರಗಳು ಇಪ್ಪತ್ತಕ್ಕೂ ಕಡಿಮೆ. ಅಚ್ಚುಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ರೈಕ್ಸ್‌ಮ್ಯೂಸಿಯಂನಲ್ಲೇ ಇವೆ. ಉಳಿದವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಡ್ರೆಸ್ಡೆನ್ ಮತ್ತಿತರ ಸಂಗ್ರಹಗಳಲ್ಲಿ ಹಂಚಿಹೋಗಿವೆ. ಕಾಗದ ಮತ್ತು ಬಣ್ಣ ಬೆಳಕಿಗೆ ಮಾಸುವಂಥವಾದ್ದರಿಂದ ಅವನ್ನು ವರ್ಷವಿಡೀ ಗೋಡೆಗೆ ತೂಗುಹಾಕುವುದಿಲ್ಲ. ಮೂಲವನ್ನು ಕಾಣಬೇಕೆನ್ನುವವರು ಪ್ರದರ್ಶನಗಳಿಗಾಗಿ ಕಾಯಬೇಕು, ಇಲ್ಲವೇ ರೈಕ್ಸ್‌ಮ್ಯೂಸಿಯಂ ಅಂತರ್ಜಾಲದಲ್ಲಿ ಮುಕ್ತವಾಗಿ ಇಟ್ಟಿರುವ ಚಿತ್ರಗಳಲ್ಲಿ ಒಂದೊಂದೇ ಪ್ರತಿಯನ್ನು ಹಿಗ್ಗಿಸಿ ನೋಡಬೇಕು.